ಚಮಚದ ಲೆಕ್ಕ

ರಾತ್ರಿ ಪಾತ್ರೆ ತೊಳೆದ ಮೇಲೆ ಚಮಚ ಎಣಿಸುವುದು
ನನ್ನ ಹಳೇ ಚಾಳಿ.
ಈಗ ಮನೆಯಲ್ಲಿರುವುದೇ ಒಂಬತ್ತು.
ಆಗ ಅರವತ್ನಾಲ್ಕು.

ದೆಗೆಲೆನ್ ಬೆಟ್ಟದ ಬುಡದಲ್ಲಿ, ತಗಡಿನ ಶೆಡ್ಡಿನಲ್ಲಿ
ಸುರಂಗ ಮುಚ್ಚಲು ಬಂದವರಿಗೆ
ಎರಡು ಬೇಸಿಗೆ ಬೇಯಿಸಿ ಹಾಕಿದೆ.
ಕುರಿಮಾಂಸದ ಸಾರು, ಗಟ್ಟಿ ರೊಟ್ಟಿ, ಉಪ್ಪು ಹಾಕಿದ ಹಾಲಿನ ಚಹಾ.
ಏನು ಮುಚ್ಚುತ್ತೀರಿ ಎಂದು ಕೇಳಕೂಡದು ಅಂತ
ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು.
ಕೇಳುವುದೇನಿತ್ತು?
ಆ ಬೆಟ್ಟ ಅಲುಗಿದಾಗಲೆಲ್ಲ
ನಮ್ಮ ಗೋಡೆಯ ಸುಣ್ಣ ಹಾಲಿನ ಪಾತ್ರೆಗೆ ಉದುರುತ್ತಿತ್ತು.

ಅದಕ್ಕೂ ಮುಂಚೆ, ಬಯಲಲ್ಲೇ ಸಿಡಿಸುತ್ತಿದ್ದ ಕಾಲ.
ನನಗೆ ಏಳು ವರ್ಷ. ಸಿಪಾಯಿ ಬಂದು ಬಾಗಿಲು ಬಡಿದು
ಎಲ್ಲರೂ ಹೊರಗೆ, ಹಳ್ಳದಲ್ಲಿ ಬೋರಲು ಬೀಳಿ ಅಂದ.
ಅಜ್ಜಿ ನನ್ನ ಮೇಲೆ ಉಣ್ಣೆಯ ಹಾಸು ಎಳೆದಳು.
ಹಾಸಿನಲ್ಲೊಂದು ತೂತು.
ತೂತಿನಿಂದ ಕಂಡದ್ದನ್ನು ಇವತ್ತಿಗೂ ಯಾರಿಗೂ ಹೇಳಿಲ್ಲ:
ಚೆಂದ ಇತ್ತು.

ಸೋವಿಯತ್ ಮುರಿದುಬಿದ್ದ ವರ್ಷ ಸಂಬಳ ನಿಂತಿತು.
ತಮ್ಮ ಮುಕಾಶ್ ಟಾರ್ಚು ಹಿಡಿದು ಸುರಂಗ ಹೊಕ್ಕ,
ಕೇಬಲ್ಲು ಎಳೆದ, ಸುಟ್ಟ, ತಾಮ್ರ ಮಾರಿದ.
ಆ ದುಡ್ಡಲ್ಲೇ ಹಿಟ್ಟು ಬಂತು, ನನ್ನ ಮಗಳಿಗೆ ಬೂಟು ಬಂತು.
ಬೇಡ ಅನ್ನಲಿಲ್ಲ ನಾನು. ಬೂಟಿನ ಅಳತೆ ಕೊಟ್ಟೆ.
ಗಡಿ ದಾಟಿ ಹೋದ ಆ ತಾಮ್ರ
ಈಗ ಯಾರ ಮನೆಯ ಕರೆಗಂಟೆಯೊಳಗಿದೆಯೋ.
ಮುಕಾಶ್ ನಲವತ್ತೊಂದಕ್ಕೆ ಹೋದ.
ಕಾರಣ ಬರೆಯುವ ಜಾಗದಲ್ಲಿ ಡಾಕ್ಟರು
ಒಂದು ಅಡ್ಡಗೆರೆ ಎಳೆದರು, ಸ್ಕೇಲು ಇಟ್ಟು, ನೆಟ್ಟಗೆ.

ಒಂದು ರಾತ್ರಿ ಅರವತ್ಮೂರೇ ಬಂತು.
ಕಸದ ಡಬ್ಬಿ ಬೋರಲು ಹಾಕಿದೆ, ಮೋರಿಗೆ ಕೈ ಬಿಟ್ಟೆ.
ಗೆನ್ನಾದಿ ನಕ್ಕ: ಒಂದು ಚಮಚಕ್ಕೆ ಇಷ್ಟು ರಂಪವೇ ಕುಲ್ಯಾಶ್!
ಅಮೆರಿಕದಿಂದ ಬಂದಿದ್ದ ವೆಂಡೆಲ್ ನಗಲಿಲ್ಲ.
ಮುರುಕು ರಷ್ಯನ್ನಿನಲ್ಲಿ ಹೇಳಿದ:
ಬೆಟ್ಟದೊಳಗೆ ಉಳಿದದ್ದೂ ಹೀಗೇ, ಚಮಚ ಚಮಚ.
ಎಷ್ಟೆಂದು ಬರೆದಿಟ್ಟವರು ಈಗಿಲ್ಲ.
ಅಷ್ಟು ಹೇಳಿ ಸಾರು ಕುಡಿದ.

ತಟ್ಟೆ ತೊಳೆಯುವ ಹುಡುಗ ಎರ್ಮೆಕ್ ಮೇಲೆ ಅನುಮಾನ ಹೇಳಿದೆ.
ಮರುದಿನ ಅವನನ್ನು ಟ್ರಕ್ಕು ಹತ್ತಿಸಿದರು.

ಕೊನೆಯ ದಿನ ಕಾಂಕ್ರೀಟು ಸುರಿದು, ಕಲ್ಲು ನೆಟ್ಟು,
ಗ್ಲಾಸು ಎತ್ತಿ ಅಧಿಕಾರಿಯೊಬ್ಬ ಅಂದ:
ಬೆಟ್ಟ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಿದೆ.
ಹೊಟ್ಟೆಗೆ ಹಾಕಿಕೊಂಡವರೆಲ್ಲ ಕ್ಷಮಿಸಿದವರಲ್ಲ ಸ್ವಾಮಿ.
ಅನ್ನಬೇಕೆನಿಸಿತು. ರೊಟ್ಟಿ ಬಡಿಸಿದೆ.

ಈಗ ಟೀವಿಯಲ್ಲಿ ದೊಡ್ಡವರು
ಒಪ್ಪಂದ ಮುಗಿಯಿತು ಎನ್ನುತ್ತಾರೆ, ಹಾಲು ಮುಗಿಯಿತು ಎಂಬಷ್ಟು ಸಲೀಸಾಗಿ.
ಇಷ್ಟು ಸಾವಿರ ನಮ್ಮಲ್ಲಿ, ಅಷ್ಟು ಸಾವಿರ ಅವರಲ್ಲಿ.
ಒಂದು ಕಡಿಮೆ ಬಂದರೆ
ಮೇಜಿನ ಕೆಳಗೆ ಮಂಡಿಯೂರಿ ಹುಡುಕುವವರು ಯಾರು ಅವರಲ್ಲಿ?
ನಾನು ಅಡುಗೆಯವಳು, ನನಗೆ ಗೊತ್ತಿರುವುದು ಇಷ್ಟೇ:
ಒಲೆ ಆರಿಸಿದೆ ಅಂದರೆ ಸಾಲದು,
ಬೂದಿಗೆ ಕೈ ಹಾಕಿ ನೋಡಬೇಕು.
ಆ ಬೂದಿಗೆ ಯಾರು ಕೈ ಹಾಕುತ್ತಾರೆ?

ಹೋದ ಚಳಿಗಾಲ ಹಳೇ ಕೋಟಿನ ಅಸ್ತರಿ ಬಿಚ್ಚಿದೆ,
ಮೊಮ್ಮಗಳಿಗೆ ಕೈಗವುಸು ಹೊಲಿಯಲು.
ಹರಿದ ಜೇಬಿನಿಂದ ಜಾರಿ
ಅಂಚಿನಲ್ಲಿ ಅಡ್ಡ ಮಲಗಿತ್ತು, ಕ್ಯಾಂಪಿನ ಮುದ್ರೆಯ ಸಮೇತ.
ಇಷ್ಟು ವರ್ಷ ನಾನೇ ಹೊತ್ತು ತಿರುಗಿದ್ದೆ.

ಎರ್ಮೆಕ್ ಎಲ್ಲಿದ್ದಾನೋ. ಯಾರನ್ನು ಕೇಳಲಿ.

ಅಜ್ಜೀ, ತೂತಿನಿಂದ ಏನು ಕಂಡೆ,
ಮೊಮ್ಮಗಳು ಬಿಡುವುದಿಲ್ಲ.
ತಾಳು, ಲೆಕ್ಕ ತಪ್ಪುತ್ತೆ ಅನ್ನುತ್ತೇನೆ.
ಏಳು, ಎಂಟು,
ಒಂಬತ್ತನೆಯದು ನನ್ನದಲ್ಲ.